ಭಂಗಿ ಸೊಪ್ಪು: ಕಾಯ್ದೆಯ 40 ವರ್ಷ

ಮುದಗಲ್ಲಿನಿಂದ ಲಿಂಗಸುಗೂರಿನ ಮೇಲೆ ಹಾಯ್ದು ಕೃಷ್ಣೆ ದಾಟಿದರೆ ತಿಂಥಣಿ. ಅಲ್ಲಿನ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಕೈಗೆ ಬರುವುದು ಈ ಸೀಮೆಯವರಿಗೆ ಸುದ್ದಿಯೇ ಅಲ್ಲ. 2020ರಲ್ಲಿ ಸಿನಿಮಾದವರ ಡ್ರಗ್ಸ್ ಪ್ರಕರಣ ಕಾವೇರಿದಾಗ ಬೆಂಗಳೂರಿನ ಪತ್ರಿಕೆಗಳಿಗೆ ಅದು ಹೊಸದಾಗಿ ಕಂಡಿತು, ಅಷ್ಟೆ. ಅವಧೂತ, ಆರೂಢ ಪರಂಪರೆಯ ಕೆಲವರಿಗೆ ಅದು ಚಟವಲ್ಲ, ಧ್ಯಾನದ ಸೊಪ್ಪು. ಅದೇ ಗಿಡ ಹತ್ತಿ, ತೊಗರಿ ಸಾಲಿನ ನಡುವೆ ಸಿಕ್ಕರೆ ರೈತನ ಕೈಗೆ ಕೋಳ. ಈ ಎರಡರ ನಡುವೆ, ಇದು ಮದ್ದಾಗಬಹುದಾದ ರೋಗಿ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಮಾದಕವಸ್ತು ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದು ಔಷಧಿಯ ಬಾಗಿಲು ಮುಚ್ಚಿತೆಂಬ ಮಾತು ತಪ್ಪು. 8ನೇ ಕಲಂ ವೈದ್ಯಕೀಯ, ವೈಜ್ಞಾನಿಕ ಬಳಕೆಯನ್ನು ಹೊರಗಿಟ್ಟೇ ನಿಷೇಧ ಹೇರುತ್ತದೆ. 10ನೇ ಕಲಂ ಬೇಸಾಯದ ಅನುಮತಿಯನ್ನು ರಾಜ್ಯದ ಕೈಗೇ ಕೊಟ್ಟಿದೆ. ಉತ್ತರಾಖಂಡ 2018ರಲ್ಲೇ ಕೈಗಾರಿಕಾ ಬೆಳೆಗೆ ಪರವಾನಗಿ ಕೊಟ್ಟಿತು. ನಮ್ಮಲ್ಲಿ ಈ ಗಿಡದ ಮಾತೆಲ್ಲ ಠಾಣೆಯಲ್ಲೇ ಶುರುವಾಗಿ ಠಾಣೆಯಲ್ಲೇ ಮುಗಿಯುತ್ತದೆ.

ಹೆಸರಿನ ಗೊಂದಲವೂ ಕಡಿಮೆಯಿಲ್ಲ. ನಮ್ಮ ಬಾಯಲ್ಲಿ ಭಂಗಿ, ಗಾಂಜಾ ಒಂದೇ. ಕಾಯ್ದೆಗೆ ಹೂತೆನೆ ಗಾಂಜಾ. ತೆನೆಯಿಲ್ಲದ ಬರೀ ಎಲೆ ಅಲ್ಲ. 2022ರ ಆಗಸ್ಟ್‌ನಲ್ಲಿ, 29 ಕೆ.ಜಿ. ಭಾಂಗ್ ಜೊತೆ ಸಿಕ್ಕಿಬಿದ್ದವನಿಗೆ ಜಾಮೀನು ಕೊಡುತ್ತ, ಭಾಂಗ್ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿಲ್ಲ ಎಂದು ಕರ್ನಾಟಕ ಹೈಕೋರ್ಟೇ ಹೇಳಬೇಕಾಯಿತು.

ಮದ್ದಿನ ವಿಚಾರ ನಿನ್ನೆ ಮೊನ್ನೆಯದಲ್ಲ. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ಕಲ್ಕತ್ತೆಯಲ್ಲಿ ಓಶಾನೆಸಿ ಎಂಬ ವೈದ್ಯ 1839ರಲ್ಲೇ ಇದನ್ನು ರೋಗಿಗಳ ಮೇಲೆ ಪರೀಕ್ಷಿಸಿ ಬರೆದಿದ್ದ. 2018ರಲ್ಲಿ ಅಮೆರಿಕ, ಮಕ್ಕಳ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ ಗಿಡದ ಒಂದು ಅಂಶವನ್ನು, ನಶೆ ಏರಿಸದ ಸಿಬಿಡಿಯನ್ನು, ಔಷಧಿಯೆಂದು ಒಪ್ಪಿತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ 27–25 ಮತಗಳಿಂದ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯಿತು. ಆ 27ರಲ್ಲಿ ಭಾರತದ ಮತವೂ ಒಂದು. ವಿಯೆನ್ನಾದ ಆ ಸಭೆಯಲ್ಲಿ ಕೈಯೆತ್ತುವುದು ಸುಲಭ, ಜಿಲ್ಲಾ ಆಸ್ಪತ್ರೆಯ ಔಷಧಿ ಕೋಣೆಗೆ ಮದ್ದು ತಲುಪಿಸುವುದು ಕಷ್ಟ.

ಹಾಗೆಂದು ಸರ್ವರೋಗಕ್ಕೂ ಇದೇ ಸಂಜೀವಿನಿ ಎನ್ನುವವರ ಮಾತನ್ನೂ ನಾವು ನಂಬುವುದಿಲ್ಲ. ಕೀಮೋ ತರುವ ವಾಂತಿಗೆ ಆಧಾರವಿದೆ. ನೋವಿಗೆ? ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಸಾಕ್ಷ್ಯ ಸಾಲದು ಎಂದಿತು. ಹದಿಹರೆಯದಲ್ಲಿ ಚಿಲುಮೆ ಹಿಡಿದವರಿಗೆ ಚಿತ್ತವಿಕಲತೆಯ ಅಪಾಯ ಹೆಚ್ಚೆಂಬುದೂ ಗೊತ್ತಿರುವ ಸಂಗತಿ. ಆಯುಷ್ ಪರವಾನಗಿಯ ವಿಜಯಾ ಎಣ್ಣೆ ಇಂದು ಕೊರಿಯರಿನಲ್ಲಿ ಮನೆಗೆ ಬರುತ್ತದೆ. ಎಷ್ಟು ಹನಿ, ಯಾವ ಗುಳಿಗೆಯ ಜೊತೆ ಕೂಡದು ಎಂದು ಹೇಳುವ ಡಾಕ್ಟರು ಮಾತ್ರ ಅದರೊಂದಿಗೆ ಬರುವುದಿಲ್ಲ. ಕಿದ್ವಾಯಿ, ನಿಮ್ಹಾನ್ಸ್‌ಗಳಿಗೆ ಹಣ ಕೊಟ್ಟು ಪ್ರಯೋಗ ಮಾಡಿಸುವುದು ಸರ್ಕಾರದ ಕೈಲಾಗದ ಕೆಲಸವೇನಲ್ಲ.

ಆದರೆ ಅದಕ್ಕೂ ಮೊದಲಿನ ಬಾಕಿಯೊಂದಿದೆ. ಇದೇ ಕಾಯ್ದೆಯ ಭಯಕ್ಕೆ ಕ್ಯಾನ್ಸರ್ ನೋವಿನ ಮಾರ್ಫಿನ್ ದಶಕಗಳ ಕಾಲ ಬಹುತೇಕ ಆಸ್ಪತ್ರೆಗಳಿಂದ ಮಾಯವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ಗೋಜಲು ಬಿಡಿಸಿತು. ಸಣ್ಣ ಊರುಗಳಲ್ಲಿ ಮಾರ್ಫಿನ್ ಇನ್ನೂ ಅಪರೂಪ. ಗಾಂಜಾ ಎಣ್ಣೆಯ ಚರ್ಚೆ ಬೆಂಗಳೂರಿನಲ್ಲಿ ನಡೆಯಲಿ. ಈ ಭಾಗದ ತಾಲ್ಲೂಕು ಆಸ್ಪತ್ರೆಗಳಿಗೆ ಮೊದಲು ಮಾರ್ಫಿನ್ ಗುಳಿಗೆ ಬರಲಿ.