ಸೊಂಟ ಮುರಿಯುವ ಸೇವೆ: ಹೊಣೆ ಯಾರದು?

ವೃದ್ಧ ಮಾತಾಪಿತರ ಸೇವೆಯ ಮಹತ್ವವನ್ನು ನಮ್ಮ ಮಸೀದಿಗಳ ಮಿಂಬರ್‌ಗಳಿಂದ ನಾವು ಮತ್ತೆ ಮತ್ತೆ ಕೇಳುತ್ತೇವೆ. ಕೇಳಬೇಕಾದುದೇ. ಆದರೆ ಆ ಸೇವೆಯನ್ನು ವಾಸ್ತವದಲ್ಲಿ ಮಾಡುತ್ತಿರುವವರು ಯಾರು, ಅದರಿಂದ ಅವರ ಶರೀರಕ್ಕೆ ಏನಾಗುತ್ತಿದೆ ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಏಳುವುದಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10.38 ಕೋಟಿಯಷ್ಟಿತ್ತು. ಅಂದಿನಿಂದ ಅದು ಏರುತ್ತಲೇ ಇದೆ. ಪಕ್ಷವಾತ ಪೀಡಿತರನ್ನು, ಮೂಳೆ ಮುರಿದು ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೂರಿಸುವುದು, ಶೌಚಕ್ಕೆ ಕೊಂಡೊಯ್ಯುವುದು, ಸ್ನಾನ-ವುಝೂ ಮಾಡಿಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದು ಇವೆಲ್ಲ ಭಾರ ಎತ್ತುವ ಕೆಲಸಗಳೇ. ಅಕ್ಕಿಯ ಮೂಟೆ ಅಲುಗಾಡುವುದಿಲ್ಲ. ಮನುಷ್ಯನಾದರೋ ನಡುಗುತ್ತಾನೆ, ಜಾರುತ್ತಾನೆ, ಭಯದಿಂದ ಎತ್ತುವವರ ಕೊರಳನ್ನೇ ಹಿಡಿದು ಜೋತು ಬೀಳುತ್ತಾನೆ. ತಗ್ಗಿನ ಮಂಚದೆದುರು ಬಾಗಿ, ಮೈ ತಿರುಚಿ ಎತ್ತುವಾಗ ಆ ಭಾರವೆಲ್ಲ ಬೆನ್ನುಮೂಳೆಯ ಕೆಳಭಾಗದ ಮೇಲೆ ಬೀಳುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ತಜ್ಞ ಥಾಮಸ್ ವಾಟರ್ಸ್, ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 35 ಪೌಂಡ್, ಅಂದರೆ ಸುಮಾರು 16 ಕಿಲೋ ಮೀರಬಾರದೆಂದು 2007ರಲ್ಲಿ ಸೂಚಿಸಿದ್ದರು. ನಮ್ಮ ಮನೆಗಳಲ್ಲಿ 60 ಕಿಲೋ ತೂಕದ ಹಿರಿಯರನ್ನು ಒಬ್ಬಳೇ ಹೆಣ್ಣುಮಗಳು ಎತ್ತುತ್ತಾಳೆ.

ಕಾರ್ಮಿಕನಿಗೆ ಗಾಯವಾಗಬಹುದಾದಷ್ಟು ಭಾರ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಆ ರಕ್ಷಣೆ ಕಾರ್ಖಾನೆಯ ಗೇಟಿನೊಳಗಿನದು, ಮನೆಯ ಮಲಗುವ ಕೋಣೆಯದ್ದಲ್ಲ. ಹಗಲಿರುಳು ದುಡಿಯುವ ಹೋಂ ನರ್ಸ್‌ನ ಸೊಂಟ ಹಿಡಿದುಕೊಂಡರೆ ಮರುದಿನವೇ ಇನ್ನೊಬ್ಬಳನ್ನು ಕರೆಸಲಾಗುತ್ತದೆ. ಅವಳ ಔಷಧಿಯ ಖರ್ಚು ಯಾರದು? ಸೊಸೆಗಾದರೋ ಬದಲಿಯೂ ಇಲ್ಲ. ಅವಳು ನೋವು ಹೇಳಿಕೊಂಡರೆ ಅದು ಸೇವೆಗೆ ಹೇಳುವ ನೆಪವೆನಿಸುತ್ತದೆ.

ಪವಿತ್ರ ಕುರ್‌ಆನ್ ಮಾತಾಪಿತರ ಹೊಣೆಯನ್ನು ಹೊರಿಸಿರುವುದು ಮಕ್ಕಳ ಮೇಲೆ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಲ್ಲೂ ಮಕ್ಕಳೆಂಬ ವ್ಯಾಖ್ಯೆಯೊಳಗೆ ಮಗ, ಮಗಳು, ಮೊಮ್ಮಕ್ಕಳಿದ್ದಾರೆ, ಸೊಸೆಯಿಲ್ಲ. ಸೊಸೆ ಮಾಡುವ ಸೇವೆ ಅವಳ ಔದಾರ್ಯ. ಆ ಔದಾರ್ಯವನ್ನು ಹಕ್ಕೆಂದು ವಸೂಲು ಮಾಡಿ, ಪುಣ್ಯವನ್ನು ಮಾತ್ರ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವ ಮಗ ತನ್ನನ್ನು ತಾನೇ ವಂಚಿಸಿಕೊಳ್ಳುತ್ತಿದ್ದಾನೆ. ತಂದೆಯನ್ನು ಎತ್ತಲು ಮೊದಲು ಬಾಗಬೇಕಾದುದು ಅವನ ಬೆನ್ನು.

ಪರಿಹಾರ ದುಬಾರಿಯೇನಲ್ಲ. ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸಬೇಕು. ಮಗ್ಗುಲು ಬದಲಾಯಿಸಲು ಮಡಚಿದ ಬೆಡ್‌ಶೀಟನ್ನು ರೋಗಿಯ ಕೆಳಗೆ ಹಾಸಿ ಇಬ್ಬರು ಎರಡು ಬದಿಯಿಂದ ಎಳೆಯಬೇಕು. ಬೆನ್ನಿನ ಬದಲು ಮಂಡಿಯನ್ನು ಬಾಗಿಸಿ, ರೋಗಿಯನ್ನು ಮೈಗೆ ಹತ್ತಿರವಾಗಿಸಿಕೊಳ್ಳಬೇಕು. ಕಮೋಡ್ ಕುರ್ಚಿ, ಸ್ನಾನದ ಕೋಣೆಯ ಹಿಡಿಕೆಗಳಿಂದ ಎತ್ತುವ ಅಗತ್ಯವೇ ಕಡಿಮೆಯಾಗುತ್ತದೆ. ಹಿರಿಯರು ತಾವೇ ಮಾಡಬಲ್ಲುದನ್ನು ಮಾಡಲು ಬಿಡುವುದು ಅವರ ಗೌರವಕ್ಕೂ ಒಳಿತು. ಮೆಡಿಕಲ್ ಅಂಗಡಿಯ ಬೆಲ್ಟ್ ಇದಕ್ಕೆ ಬದಲಿಯಲ್ಲ. ಬೆನ್ನು ನೋವಿನೊಂದಿಗೆ ಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಜಮಾಅತ್‌ಗಳು ಮಯ್ಯಿತ್ ಸಾಗಿಸಲು ಸಂದೂಕವನ್ನು ಮುತುವರ್ಜಿಯಿಂದ ಕಾಯ್ದಿರಿಸುತ್ತವೆ. ಅದರ ಪಕ್ಕದಲ್ಲೇ ಎತ್ತರ ತಗ್ಗಿಸಬಲ್ಲ ಎರಡು ಮಂಚ, ನಾಲ್ಕು ಗಾಲಿಕುರ್ಚಿ, ಕೆಲವು ಕಮೋಡ್ ಕುರ್ಚಿಗಳನ್ನು ಸದಕಾದ ಹಣದಿಂದ ಇರಿಸಿ ಬಡ ಮನೆಗಳಿಗೆ ಎರವಲು ಕೊಡಲಾಗದೇ? ರೋಗಿಯನ್ನು ಸುರಕ್ಷಿತವಾಗಿ ಎತ್ತುವ ಕ್ರಮವನ್ನು ಫಿಸಿಯೋಥೆರಪಿಸ್ಟರನ್ನು ಕರೆಸಿ ಒಂದು ಸಂಜೆ ಕಲಿಸಲಾಗದೇ? ಆ ಶಿಬಿರಕ್ಕೆ ಗಂಡಸರೂ ಬರಲಿ. ಹೋಂ ನರ್ಸ್‌ಗೆ ವಾರಕ್ಕೊಂದು ರಜೆ, ರಾತ್ರಿಯ ನಿದ್ರೆ, ಗಾಯವಾದರೆ ಚಿಕಿತ್ಸೆಯ ಖರ್ಚು ಕೊಡುವುದು ಔದಾರ್ಯವಲ್ಲ, ನ್ಯಾಯ.

ಒಬ್ಬರ ವೃದ್ಧಾಪ್ಯಕ್ಕೆ ಆಸರೆಯಾಗಲು ಇನ್ನೊಬ್ಬರ ಯೌವನವನ್ನು ಊನಗೊಳಿಸುವುದು ಸೇವೆಯಲ್ಲ. ಹೊಣೆಯನ್ನು ಹಂಚಿಕೊಂಡಾಗ ಮಾತ್ರ ಅದು ಸೇವೆಯಾಗುತ್ತದೆ.