ಹೆಚ್ಚುಕಮ್ಮಿ ಹೊಂದುವ ಸ್ಕ್ರೂ

ಒಂಬತ್ತನೇ ಕ್ಲಾಸಿನ ನನ್ನ ಮಗಳು ಎರಡು ವರ್ಷದಿಂದ ೧೦ ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ರೈಫಲ್ ನಮ್ಮದಲ್ಲ, ಕ್ಲಬ್ಬಿನದು. ಈ ಸ್ಪರ್ಧೆಯಲ್ಲಿ ಗುರಿಯನ್ನು ದೊಡ್ಡದಾಗಿ ತೋರಿಸುವ ಸ್ಕೋಪ್ ಹಾಕುವಂತಿಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಒಂದು ಉಂಗುರ, ಅಷ್ಟೇ. ಆದರೆ ಕೂರಿಸುವ ರೀತಿ ಸ್ಕೋಪಿನದೇ: ರೈಫಲ್ ಮೇಲಿನ ಹಳಿಗೆ ಸೈಟನ್ನು ಸಿಕ್ಕಿಸಿ ಸ್ಕ್ರೂ ಬಿಗಿಯುವುದು. ನಮ್ಮದರಲ್ಲಿ ಎರಡು ಸ್ಕ್ರೂ.

ಸ್ಪರ್ಧೆಗೆ ಎಂಟು ದಿನವಿತ್ತು. ಒರೆಸಲೆಂದು ಸೈಟ್ ಬಿಚ್ಚಿದಾಗ ಒಂದು ಸ್ಕ್ರೂ ಉರುಳಿ ಬಾಲ್ಕನಿಯಿಂದ ಕೆಳಗೆ ಹೋಯಿತು. ನಮ್ಮದು ಡೊಂಬಿವಲಿಯಲ್ಲಿ ನಾಲ್ಕನೇ ಮಹಡಿ. ಟಾರ್ಚ್ ಹಿಡಿದು ಹುಡುಕಿದರೂ ಸಿಗಲಿಲ್ಲ.

"ಒಂದರಲ್ಲೇ ನಡೆಯೋದಿಲ್ವಾ?" ಎಂದೆ.

ಮಗಳು ಲೆಕ್ಕ ಹೇಳಿದಳು. ಎರಡು ಸೈಟ್‌ಗಳ ನಡುವೆ ಮುಕ್ಕಾಲು ಮೀಟರ್, ಗುರಿ ಹತ್ತು ಮೀಟರ್ ದೂರ. ಹಿಂದಿನ ಸೈಟ್ ೦.೨ ಮಿ.ಮೀ. ಜರುಗಿದರೆ ಗುಂಡು ಎರಡೂವರೆ ಮಿ.ಮೀ.ಗಿಂತ ಹೆಚ್ಚು ಜರುಗುತ್ತದೆ. ಗುರಿಯ ಉಂಗುರಗಳ ನಡುವಿನ ಅಂತರವೇ ಎರಡೂವರೆ. ಎಂದರೆ ಹತ್ತು ಹೋಗಿ ಒಂಬತ್ತು. ನಡುವಿನ ಹತ್ತರ ಚುಕ್ಕೆಯ ಅಗಲ ಅರ್ಧ ಮಿ.ಮೀ. ಮಾತ್ರ.

ನಾನು ಹಳೇ ಬಿಸ್ಕತ್ ಡಬ್ಬಿ ತೆಗೆದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ, ಸ್ಕ್ರೂ, ನಟ್ಟು, ಮೊಳೆ ತುಂಬಿದ್ದು. ಅದರಲ್ಲಿ ತದ್ರೂಪ ಒಂದು ಸಿಕ್ಕಿತು. ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಿಗಿಯಾಯಿತು. ಇಕ್ಕಳ ಹಿಡಿದು ಇನ್ನೊಂದರ್ಧ ಸುತ್ತು ತಿರುಗಿಸಿದೆ. ಕರ್ ಎಂದಿತು. ವಾಪಸ್ ತೆಗೆದಾಗ ಅದರ ತುದಿಯಲ್ಲಿ ಕಬ್ಬಿಣದ ಪುಡಿ.

ಮಗಳು ಬೈಯಲಿಲ್ಲ. "ಅಪ್ಪಾ, ಈಗಲೇ ಸರ್‌ಗೆ ಹೇಳು" ಎಂದಳು. ರಿಪೇರಿ ಮಾಡಿಸಿ ಆಮೇಲೆ ಹೇಳೋಣವೆಂದು ನನ್ನ ಲೆಕ್ಕ. ಅವಳು ಒಪ್ಪಲಿಲ್ಲ. ಫೋನ್ ಮಾಡಿದೆ. ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ನೀವು ಮುಟ್ಟಬೇಡಿ. ತಿಳಿದವರ ಹತ್ತಿರ ಮಾಡಿಸಿ, ನನಗೆ ತೋರಿಸಿ" ಎಂದರು.

ಹುಬ್ಬಳ್ಳಿಗೂ ಫೋನ್ ಮಾಡಿದೆ. ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. "ಸ್ಕ್ರೂ ಬೆರಳಿನಿಂದ ಹೋಗಬೇಕಲೇ. ಮೊದಲ ಉಲ್ಟಾ ತಿರುಗಿಸು, ಟಕ್ ಅಂತ ಕೂಡ್ತದ, ಆಮ್ಯಾಲ ಸುಲ್ಟಾ. ಇಕ್ಕಳ ಯಾಕ ಹಿಡದಿ?" ಎಂದರು. ನನಗೆ ಐವತ್ತು ದಾಟಿದೆ, ಆದರೂ ಉತ್ತರವಿರಲಿಲ್ಲ.

ಶನಿವಾರ ಮಸ್ಜಿದ್ ಬಂದರ್‌ನಲ್ಲಿ ಇಳಿದು ನಾಗದೇವಿ ಬೀದಿಗೆ ಹೋದೆ. ಬೋಲ್ಟು, ಬೇರಿಂಗು, ಹತ್ಯಾರುಗಳ ಬೀದಿ ಅದು. ಒಂದು ಅಂಗಡಿಯ ಚಾಚಾ ಮೊದಲು ಕೇಳಿದ್ದು, "ಸ್ಯಾಂಪಲ್ ಲಾಯಾ?" ಉಳಿದಿದ್ದ ಇನ್ನೊಂದು ಸ್ಕ್ರೂ ಜೇಬಿನಲ್ಲಿತ್ತು. ಬಾಚಣಿಗೆಯಂಥ ಗೇಜನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರು. ಎಂ-೪, ಅಂದರೆ ದಪ್ಪ ೪ ಮಿ.ಮೀ., ಥ್ರೆಡ್ಡಿನಿಂದ ಥ್ರೆಡ್ಡಿಗೆ ೦.೭. ನನ್ನ ಡಬ್ಬಿಯದು ಇಂಚಿನ ಲೆಕ್ಕದ್ದು, ೫/೩೨. ದಪ್ಪ ೩.೯೭, ಥ್ರೆಡ್ ಅಂತರ ೦.೭೯. ಕಣ್ಣಿಗೆ ಎರಡೂ ಒಂದೇ. ಒಂದು ಸುತ್ತಿಗೆ ಕೂದಲೆಳೆಯಷ್ಟು ವ್ಯತ್ಯಾಸ, ಮೂರನೇ ಸುತ್ತಿಗೆ ಅದೇ ಕೂಡಿ ಕಚ್ಚಿಕೊಳ್ಳುತ್ತದೆ.

"ಪೂರ್ತಿ ಬೇರೆಯದಾಗಿದ್ದರೆ ಒಳಗೇ ಹೋಗುತ್ತಿರಲಿಲ್ಲ" ಎಂದು ಚಾಚಾ ನಕ್ಕರು.

ಪಕ್ಕದ ಲೇತ್‌ನವನ ಹತ್ತಿರ ಕಳಿಸಿದರು. ಅವನು ಎಂ-೪ ಟ್ಯಾಪಿಗೆ ಎಣ್ಣೆ ಹಚ್ಚಿ, ಮುಂದೆ ಅರ್ಧ ಸುತ್ತು, ಹಿಂದೆ ಕಾಲು ಸುತ್ತು ಎಂದು ನಿಧಾನಕ್ಕೆ ತಿರುಗಿಸಿದ. ಪುಣ್ಯಕ್ಕೆ ಮೇಲಿನ ಎರಡು ಥ್ರೆಡ್ ಮಾತ್ರ ಕೆಟ್ಟಿದ್ದವು. ಹೊಸ ಅಲೆನ್ ಸ್ಕ್ರೂ ಬೆರಳಿನಿಂದಲೇ ಕೊನೆಯವರೆಗೆ ಹೋಯಿತು. ಚಾಚಾ ಸ್ಕ್ರೂಗೆ ಐದು ರೂಪಾಯಿ ತೆಗೆದುಕೊಂಡರು. ನಾನು ಹತ್ತು ಕೊಂಡೆ.

ಕ್ಲಬ್ಬಿನಲ್ಲಿ ಸೈಟ್ ಕೂರಿಸಿದ್ದು ಕೋಚ್. ಎರಡೂ ಸ್ಕ್ರೂ ಸ್ವಲ್ಪ ಸ್ವಲ್ಪವೇ ಬಿಗಿದು, ತಲೆಯ ಮೇಲಿಂದ ಸೈಟಿನವರೆಗೆ ಮಗಳ ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದರು. ಸ್ಕ್ರೂ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಅರವತ್ತು ಗುಂಡಿನ ಅಭ್ಯಾಸ ಮುಗಿದ ಮೇಲೆ ನೋಡಿದೆವು. ಗೆರೆ ನೆಟ್ಟಗಿತ್ತು.

ಸೈಟ್, ಸ್ಕೋಪ್, ಮಿಕ್ಸರ್, ಕುಕ್ಕರಿನ ಹಿಡಿ, ಯಾವುದೇ ಇರಲಿ, ಅಂಗಡಿಗೆ ಹೋಗುವಾಗ ಉಳಿದಿರುವ ಸ್ಕ್ರೂ ಜೇಬಿನಲ್ಲಿರಲಿ. ಬೆರಳಿಗೆ ಹೋಗದಿದ್ದರೆ ಅಲ್ಲೇ ನಿಲ್ಲಿಸಿ. ನಮ್ಮ ಬಿಸ್ಕತ್ ಡಬ್ಬಿಯನ್ನು ಮಗಳು ಎರಡು ಮಾಡಿದ್ದಾಳೆ, ಇಂಚಿನದೊಂದು, ಮಿಲಿಮೀಟರಿನದೊಂದು. ಇಕ್ಕಳ ಎಲ್ಲಿಟ್ಟಿದ್ದಾಳೋ, ಇನ್ನೂ ಹೇಳಿಲ್ಲ.