ಅಳಿಲಿಗೊಂದು ಅಳಿಲು ಸೇವೆ

ಜನವರಿ 21 ಅಳಿಲು ದಿನವಂತೆ. 2001ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಶುರುವಾದದ್ದು. ಮಗಳು ಇದನ್ನು ಎಲ್ಲೋ ಓದಿಕೊಂಡು ಬಂದು ಹಟ ಹಿಡಿದಳು. ಆ ವಾರದ ಭಾನುವಾರ ಸಾಂತಾಕ್ರೂಜ್‌ನಲ್ಲಿ ಸ್ಲೋ ಲೋಕಲ್ ಹತ್ತಿ ಮನೆಮಂದಿಯೆಲ್ಲ ಬೋರಿವಲಿಗೆ ಹೋದೆವು. ಅಲ್ಲಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೆಂದರೆ ಸುಮಾರು 104 ಚದರ ಕಿಲೋಮೀಟರ್ ಕಾಡು, ಅದೂ ಮಹಾನಗರದ ಮಡಿಲಲ್ಲೇ. ಚಪಾತಿ-ಪಲ್ಯ ತಿನ್ನುತ್ತಾ ಅಳಿಲು, ಮುಸುವ, ಜಿಂಕೆ, ಮಿಂಚುಳ್ಳಿಗಳನ್ನು ನೋಡಿದೆವು. ಚಿರತೆ ಕಾಣಿಸಲಿಲ್ಲ ಎಂದು ಮಗಳಿಗೆ ಬೇಜಾರು, ನನಗೆ ಸಮಾಧಾನ.

ಸಂಜೆ ಮನೆಗೆ ಬಂದರೆ ಸೊಸೈಟಿಯ ಮಳೆಮರದ ಕೊಂಬೆಗಳು ನೆಲದಲ್ಲಿ ಬಿದ್ದಿದ್ದವು. ಹಸಿ ಕೊಂಬೆಗಳು. ಕಾರುಗಳ ಮೇಲೆ ಹಕ್ಕಿ ಹಿಕ್ಕೆ ಬೀಳುತ್ತದೆ ಎಂಬುದೇ ಕಾರಣ. ಎಲೆಗಳ ನಡುವೆ ನಾರು, ಹತ್ತಿ, ಒಣಹುಲ್ಲಿನ ಗೂಡು.

"ಅಪ್ಪಾ, ನಮ್ಮ ಕಿಟಕಿಗೆ ಬರ್ತಿತ್ತಲ್ಲ, ಆ ಅಳಿಲಿನ ಮನೆ ಅಲ್ವಾ ಇದು?"

ಹೌದು. ಕೊಂಬೆ ಕಡಿಯುವ ನೋಟಿಸು ವಾರದಿಂದ ಲಿಫ್ಟಿನ ಪಕ್ಕದಲ್ಲೇ ಇತ್ತು. ಓದಿದ್ದೆ. 'ನಾವು ಬಾಡಿಗೆಯವರು, ನಮಗ್ಯಾಕೆ' ಎಂದು ಸುಮ್ಮನಿದ್ದೆ.

ನಮ್ಮಂಥ ವಲಸಿಗರ ರೋಗವೇ ಇದು. ಹತ್ತಿಪ್ಪತ್ತು ವರ್ಷ ಇಲ್ಲೇ ಉಂಡು, ಮಲಗಿ, ಮಕ್ಕಳನ್ನು ಬೆಳೆಸಿದರೂ ಮನಸ್ಸಿನಲ್ಲಿ ಬಾಡಿಗೆಯವರೇ. ಊರಿನ ಹಲಸಿನ ಮರ, ಅದರ ಮೇಲಿನ ಕೆಂದಳಿಲಿನ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಅದೇ ಕೆಂದಳಿಲು 'ಶೇಕರು' ಎಂಬ ಹೆಸರಿನಲ್ಲಿ ಮಹಾರಾಷ್ಟ್ರದ ರಾಜ್ಯಪ್ರಾಣಿ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2019ರ ಅಕ್ಟೋಬರಿನಲ್ಲಿ ಮೆಟ್ರೊ ಶೆಡ್ಡಿಗಾಗಿ ಆರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದಾಗ ಸ್ಟೇಟಸ್ ಹಾಕಿದವರಲ್ಲಿ ನಾನೂ ಒಬ್ಬ. ಸರ್ಕಾರವನ್ನು ಬೈಯುವುದು ಸುಲಭ. ದಿನಾ ಮುಖ ನೋಡಬೇಕಾದ ಸೆಕ್ರೆಟರಿಯನ್ನು ಪ್ರಶ್ನಿಸುವುದು ಕಷ್ಟ.

ಕೊಂಬೆ ಮುರಿದು ಯಾರದೋ ತಲೆ ಮೇಲೆ ಬಿದ್ದರೆ ಎಂದು ಕೇಳುವವರಿದ್ದಾರೆ. ಒಪ್ಪುತ್ತೇನೆ, ಮಳೆಗಾಲದಲ್ಲಿ ಈ ನಗರದಲ್ಲಿ ಮರ ಬಿದ್ದು ಜನ ಸತ್ತಿದ್ದಾರೆ. ಅಪಾಯದ ಕೊಂಬೆ ತೆಗೆಯಲೇಬೇಕು. ಆದರೆ ಹಿಕ್ಕೆ ಅಪಾಯವಲ್ಲ. ಮರ ಉಳಿಸಲೆಂದೇ ರಾಜ್ಯದಲ್ಲಿ 1975ರಿಂದ ಕಾನೂನಿದೆ; ಸೊಸೈಟಿಯ ಅಂಗಳದ ಮರಕ್ಕೆ ಕೊಡಲಿ ಹಾಕುವ ಮುಂಚೆ ಪಾಲಿಕೆಯ ಅನುಮತಿ ಬೇಕು. "ಅನುಮತಿ ಪತ್ರ ತೋರಿಸಿ, ಗೂಡಿದೆಯಾ ನೋಡಿ" ಎನ್ನಲು ಫ್ಲ್ಯಾಟಿನ ಮಾಲೀಕನೇ ಆಗಬೇಕಿಲ್ಲ.

ಸಂಘದ ಸಮಾರಂಭದಲ್ಲಿ ನಾಲ್ಕು ಕುರ್ಚಿ ಜೋಡಿಸಿ 'ನನ್ನದೊಂದು ಅಳಿಲು ಸೇವೆ' ಎನ್ನುತ್ತೇವಲ್ಲ, ಸೇತುವೆ ಕಟ್ಟುವಾಗ ಆ ಅಳಿಲು 'ಇದು ನನ್ನ ಯುದ್ಧವಲ್ಲ' ಅಂದಿತ್ತೇ?

ಮುಂದಿನ ನೋಟಿಸು ಬಂದಾಗ ನಾನು ಕೇಳುತ್ತೇನೆ. ಬಾಡಿಗೆಯವರಾದರೂ ನೀವೂ ಕೇಳಿ.